ಸ್ಲೋ ಎಂದರೆ ಜಾಡು

ಕ್ಲಾಕ್ಸ್‌ವೀಕ್ ಬಂದರು. ಬಲೆ ಹೆಣೆಯುವ ಕೊಟ್ಟಡಿಯ ಮೇಲಂತಸ್ತು.
ಜನವರಿ. ಮೂರು ಗಂಟೆಗೇ ದೀಪ ಹಾಕಿದ್ದೆವು.
ಒಂಬತ್ತು ಕುರ್ಚಿ, ಏಳು ಜನ,
ಗೋಡೆಯ ಮೇಲೆ ಪ್ರೊಜೆಕ್ಟರಿನ ಓರೆ ಚೌಕ.

ಮಾರ್ಯುನ್ ಎದ್ದು ನಿಂತು ಹೇಳಿದಳು:
"ಹೊಸ ಭಾಷೆ ಮಾಡಿದ್ದೇನೆ. ಹೆಸರು ಸ್ಲೋ.
ನಮ್ಮ ನುಡಿಯಲ್ಲಿ ಸ್ಲೋ ಅಂದರೆ ಜಾಡು,
ಕುರಿ ನಡೆದೂ ನಡೆದೂ ಹುಲ್ಲಿನಲ್ಲಿ ಬಿದ್ದ ಗೆರೆ."
"ಇಂಗ್ಲಿಷಿನಲ್ಲಿ ಏನೆಂದು ಗೊತ್ತಲ್ಲ?" ಎಂದ ಟುಮ್ಮಸ್,
ಸಾಲ್ಮನ್ ಮೀನಿಗೆ ಮೇವು ಹಾಕುವ ಯಂತ್ರಕ್ಕೆ ಬರೆಯುವವನು.
ನಕ್ಕೆವು. ಅವಳೂ ನಕ್ಕಳು.
"ಅದೂ ಹೌದು. ನಿನ್ನ ಸಿ ಓಡುವಲ್ಲಿ ಇದು ನಡೆಯುತ್ತದೆ.
ಮುಚ್ಚಿಡುವುದಿಲ್ಲ."

ನಾನು ಹಿಂದಿನ ಸಾಲಿನಲ್ಲಿ.
ಹದಿನಾಲ್ಕು ವರ್ಷದಿಂದ ದೋಣಿ ಕಚೇರಿಯ ಪ್ರೋಗ್ರಾಂ ನನ್ನದು:
ಫುಗ್ಲೊಯ್‌ಗೆ ಇವತ್ತು ದೋಣಿ ಹೊರಡಬೇಕೆ, ಬೇಡವೆ.
ಆರು ಸಾವಿರ ಸಾಲು. ಅರ್ಧ ನಾನೇ ಬರೆದದ್ದು,
ಇನ್ನರ್ಧ ನಾನೇ ಬರೆದು ಮರೆತದ್ದು.
ಮರವೇ ಇಲ್ಲದ ಈ ಫೆರೋ ದ್ವೀಪಗಳಲ್ಲಿ
ಪುಷ್ಪಾವರಣ ಮಾತ್ರ ಕಾಡಿನ ಹಾಗೆ ಬೆಳೆದಿತ್ತು;
ಒಂದು ತೆರೆದದ್ದು ಎಲ್ಲಿ ಮುಚ್ಚಿತೆಂದು ಹುಡುಕುತ್ತ
ಒಂದಿಡೀ ಈಸ್ಟರ್ ಕಳೆದಿದ್ದೇನೆ.
ಬೇರೆಯವರಿಗೆ ಅದು ಕಬ್ಬಿಣದ ಕಡಲೆ.
ಸುಳ್ಳೇಕೆ, ನನಗೆ ಅದರ ಜಂಬವಿತ್ತು.

ಮಾರ್ಯುನ್ ಕೀಲಿ ಒತ್ತಿದಳು. ಮೊದಲ ಹೆಜ್ಜೆಗೇ ಮುಗ್ಗರಿಸಿತು.
ಎರಡನೆಯ ಸಾಲಿನ ಮುಂದೆ ಖಾಲಿ ಜಾಗ ಒಂದು ಕಡಿಮೆ.
"ಖಾಲಿಗೂ ಅರ್ಥವಿದೆ ಇದರಲ್ಲಿ," ಕೆಂಪಾದಳು,
"ಒಳಗಿನ ಮಾತು ಒಳಗೆ ಸರಿದಿರಬೇಕು, ಅಷ್ಟೇ ವ್ಯಾಕರಣ."
ಐಫಿನ್ ಕೈಕಟ್ಟಿ ಕೂತ: "ಖಾಲಿಯನ್ನು ಎಣಿಸುವ ಭಾಷೆ!
ನಾಳೆ ಮೌನಕ್ಕೂ ಕಾಗುಣಿತ ಕೇಳುತ್ತೀಯ."
ಅವಳು ತಿದ್ದಿದಳು. ಓರೆ ಚೌಕದಲ್ಲಿ ಮೂಡಿತು
ನನ್ನ ಆರು ಸಾವಿರದ ಹೊಟ್ಟೆಯಿಂದ ತೆಗೆದ ತುಣುಕು
(ನಾನೇ ಕೊಟ್ಟಿದ್ದೆ, ಸೋಲಲಿ ಎಂದು):

    ಅಲೆ ಮೂರು ಮೀಟರು ಮೀರಿದ್ದರೆ
        ದೋಣಿ ನಿಲ್ಲಲಿ
        ಹಳ್ಳಿಗೆ ತಿಳಿಸು
    ಇಲ್ಲದಿದ್ದರೆ
        ದೋಣಿ ಹೊರಡಲಿ

ಇಷ್ಟೇ? ಎಂದ ಟುಮ್ಮಸ್.
ಇಷ್ಟೇ.
ಉಣ್ಣೆ ಕತ್ತರಿಸಿದ ಮೇಲೆ
ಒಳಗಿದ್ದದ್ದು ಇಷ್ಟು ಸಣ್ಣ ಕುರಿಯೇ ಎನಿಸುವ ಹಾಗೆ
ನಾಚಿಕೆಯಾಯಿತು ನನಗೆ.

ಆಗ ಬಾಗಿಲಲ್ಲಿ ಸುನ್ನುವಾ, ದೋಣಿಯ ಹಗ್ಗದ ಕೆಲಸದವಳು.
ಸಂಜೆಯ ಪಯಣ ರದ್ದಾಗಿ
ಕಾಫಿಯ ವಾಸನೆ ಹಿಡಿದು ಮೇಲೆ ಬಂದಿದ್ದಳು.
ಒದ್ದೆ ಕೈಗವಸು ಹೀಟರಿನ ಮೇಲಿಟ್ಟು
ಗೋಡೆಯನ್ನು ಗಟ್ಟಿಯಾಗಿ ಓದತೊಡಗಿದಳು,
ಅಂಗಡಿಯ ಬೋರ್ಡು ಓದುವಂತೆ.
ಓದು ಎಂದು ಯಾರೂ ಹೇಳಿರಲಿಲ್ಲ.
ಕೊನೆಗೆ ಬಂದು ನಿಂತು, "ಇದನ್ನು ಬರೆದ ಪುಣ್ಯಾತ್ಮ ಯಾರು?"

"ಯಾಕೆ?"

"ಮೂಡಣದ ಅಲೆಯಾದರೆ ಒಂದೂವರೆ ಮೀಟರೇ ಸಾಕು,
ಆ ಕಟ್ಟೆಗೆ ದೋಣಿ ತಾಗಿಸಲಾಗದು.
ಪಡುವಣದ್ದಾದರೆ ನಾಲ್ಕಿದ್ದರೂ ಹೋಗಿಬಂದಿದ್ದೇವೆ.
ಎಷ್ಟು ಎತ್ತರ ಅಂತ ಕೇಳುತ್ತೆ ನಿಮ್ಮ ಗೋಡೆ,
ಎಲ್ಲಿಂದ ಅಂತ ಕೇಳೋದೇ ಇಲ್ಲ."

ಹೀಟರಿನ ಮೇಲೆ ಕೈಗವಸು ಚುಂಯ್ ಎಂದಿತು.
ಹದಿನಾಲ್ಕು ವರ್ಷ.
ಹಾಲು, ಟಪಾಲು, ಒಮ್ಮೆ ಒಂದು ಹೊಸ ತೊಟ್ಟಿಲು ಹೊತ್ತು
ಕಟ್ಟೆಯ ಹತ್ತಿರದವರೆಗೆ ಹೋಗಿ ಎಷ್ಟು ಸಲ ಮರಳಿತೋ ದೋಣಿ.
ಅವಳು ಹೇಳಿದ್ದಳಂತೆ ಕಚೇರಿಯಲ್ಲಿ, ಎರಡು ಸಲ.
ಕಂಪ್ಯೂಟರ್ ಹಾಗೇ ಹೇಳುತ್ತೆ, ಅಂದರಂತೆ.

ಮಾರ್ಯುನ್ ಕೀಲಿಮಣೆಯನ್ನು ಅವಳತ್ತ ಸರಿಸಿದಳು.
"ನನಗೆಲ್ಲಿ ಬರುತ್ತೆ?"
"ಓದಿದೆಯಲ್ಲ."
ಒಂದೇ ಬೆರಳಿನಲ್ಲಿ, ಉಪ್ಪು ಬಿರಿದ ಬೆರಳಿನಲ್ಲಿ,
ಸುನ್ನುವಾ ಕುಟ್ಟಿದಳು

    ಅಲೆ ಮೂಡಣದಿಂದ ಬಂದಿದ್ದರೆ

ಮತ್ತು ಮುಂದಿನ ಸಾಲಿಗೆ ಇಳಿದು
ಯಾರನ್ನೂ ಕೇಳದೆ
ನಾಲ್ಕು ಖಾಲಿ ಬಿಟ್ಟಳು.

ಐಫಿನ್ ವೇಗದ ಲೆಕ್ಕ ಕೇಳುತ್ತಲೇ ಇದ್ದ. ನ್ಯಾಯವೇ.
ಏಳರಲ್ಲಿ ಇಬ್ಬರು ಮಾತ್ರ ಅಂದು ಸ್ಲೋ ಒಯ್ದರು.
ನಾನು ಒಯ್ಯಲಿಲ್ಲ; ಜಂಬ ಇಳಿಯಲು ಒಂದು ವಾರ ಹಿಡಿಯಿತು.

ಕೈಗವಸು ಎತ್ತಿಕೊಳ್ಳುತ್ತ ಸುನ್ನುವಾ ನನ್ನನ್ನೇ ನೋಡಿದಳು:
"ಪುಣ್ಯಾತ್ಮ ನೀನೇನಾ?"
ನಾನೇ ಎಂದೆ.
ಫ್ಲಾಸ್ಕಿನಲ್ಲಿ ಉಳಿದ ಕಾಫಿಯನ್ನು
ಅವಳ ಲೋಟಕ್ಕೆ ಬಗ್ಗಿಸಿದೆ.